ಕಂಡಕ್ಟರಕ್ಕ ತುಂಬಿದ ಫಾರಂ

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ನಮ್ಮ ಚರ್ಚಿನ ಬಾಗಿಲಿಗೆ ಬಂದು ನಿಲ್ಲುವ ಹೆಂಗಸನ್ನು ಎಲ್ಲರೂ ಕಂಡಕ್ಟರಕ್ಕ ಎನ್ನುತ್ತಾರೆ. ವಾರದ ಆರು ದಿನ ಆಕೆ ನಿಜವಾಗಿಯೂ ಬಸ್ ಕಂಡಕ್ಟರು. ಏಳನೆಯ ದಿನ ಸಮವಸ್ತ್ರ ಬಿಚ್ಚಿಟ್ಟರೂ ಅಭ್ಯಾಸ ಬಿಚ್ಚಿಡಲು ಆಗುವುದಿಲ್ಲವಲ್ಲ. "ಒಳಗೆ ಹೋಗಿ, ಒಳಗೆ ಹೋಗಿ, ಮಧ್ಯದಲ್ಲಿ ಖಾಲಿ ಇದೆ. ಎಲ್ರೂ ಬಾಗಿಲಲ್ಲೇ ನಿಂತ್ರೆ ಹಿಂದಿನವರು ಹಾರ್ಕೊಂಡು ಬರ್ಬೇಕಾ?" ಎಂದು ಆಕೆ ಅಂದರೆ ನಿವೃತ್ತ ನ್ಯಾಯಾಧೀಶರೂ ತುಟಿಪಿಟಕ್ಕೆನ್ನದೆ ಸರಿದು ಕೂರುತ್ತಾರೆ. ಆರು ಜನರ ಬೆಂಚಿನಲ್ಲಿ ಏಳು ಜನರನ್ನು ಕೂರಿಸುವುದು ಆಕೆಗೆ ನೀರು ಕುಡಿದಷ್ಟು ಸುಲಭ. ಆರಾಧನೆ ಮುಗಿದು ಜನ ಹೊರಬಿದ್ದ ಮೇಲೆ ಒಂದೊಂದೇ ಬೆಂಚಿನ ಕೆಳಗೆ ಬಗ್ಗಿ ನೋಡುತ್ತಾರೆ. ಕೊಡೆ, ಕನ್ನಡಕ, ಮಗುವಿನ ಒಂದು ಬೂಟು, ಏನಾದರೂ ಸಿಕ್ಕೇ ಸಿಗುತ್ತದೆ. "ಒಂದ್ಸಲ ಮಗೂನೇ ಸಿಕ್ಕಿತ್ತು" ಎನ್ನುತ್ತಾರೆ. ನಿಜವೋ ಸುಳ್ಳೋ ನಾನು ಕೇಳಲು ಹೋಗಿಲ್ಲ.

ನಾನು ಇದೇ ಚರ್ಚಿನ ಸೆಕ್ರೆಟರಿ. ಹೆಸರು ದೊಡ್ಡದು. ಕೆಲಸವೆಂದರೆ ಪ್ರಕಟಣೆ ಬರೆಯುವುದು, ಕುರ್ಚಿ ಎಣಿಸುವುದು, ಆಮೇಲೆ ಎಲ್ಲರಿಂದಲೂ ಬೈಸಿಕೊಳ್ಳುವುದು. ಹೊಟ್ಟೆಪಾಡಿಗೆ ಒಂದು ಜೆರಾಕ್ಸ್ ಅಂಗಡಿ ಇದೆ. ಹಾಗಾಗಿ ವಯಸ್ಸಿನಲ್ಲಿ ನನಗಿಂತ ನಾಲ್ಕು ವರ್ಷ ದೊಡ್ಡವರಾದ ಕಂಡಕ್ಟರಕ್ಕನ ಬಾಯಲ್ಲಿ ನಾನು ಜೆರಾಕ್ಸಣ್ಣ. ನನಗೆ ಸಿಟ್ಟು ಬೇಗ ಬರುತ್ತದೆ, ಬೇಗ ಇಳಿಯುತ್ತದೆ. ಈ ಕಥೆಯಲ್ಲಿ ನನಗೆ ಸಿಟ್ಟು ಬಂದಿರುವುದು ಬಹಳಮಟ್ಟಿಗೆ ನನ್ನ ಮೇಲೇ.

ಕಂಡಕ್ಟರಕ್ಕನ ಗಂಡ ಅದೇ ಬಸ್ಸಿನ ಡ್ರೈವರು. ಹದಿನೇಳು ವರ್ಷ ಇಬ್ಬರೂ ಒಂದೇ ಬಸ್ಸಿನಲ್ಲಿ ದುಡಿದವರು. "ಮನೇಲಿ ನೋಡಿದ್ರೆ ಮುಖ, ಬಸ್ಸಲ್ಲಿ ನೋಡಿದ್ರೆ ಬೆನ್ನು. ಈ ಮನುಷ್ಯನಿಂದ ನಂಗೆ ಬಿಡುಗಡೇನೇ ಇಲ್ಲ" ಎಂದು ಅಕ್ಕ ಚರ್ಚಿನಲ್ಲಿ ಎಲ್ಲರೆದುರು ಹೇಳುತ್ತಿದ್ದರು. ಆಗ ಡ್ರೈವರಣ್ಣ ಮೀಸೆಯೊಳಗೇ ನಗುತ್ತಿದ್ದರು. ನಾಲ್ಕು ವರ್ಷದ ಹಿಂದೆ ಒಂದು ಭಾನುವಾರ ಅವರು ಬರಲಿಲ್ಲ. ಮುಂದಿನ ವಾರವೂ ಇಲ್ಲ. "ದೂರದ ಡಿಪೋಗೆ ಎತ್ತಾಕಿದಾರೆ. ಅಲ್ಲೇ ರೂಮು ಮಾಡ್ಕೊಂಡಿದಾರೆ" ಎಂದರು ಅಕ್ಕ. ಅಯ್ಯೋ ಪಾಪ ಎಂದೆವು, ನಂಬಿದೆವು. ಆಗಾಗ "ಯಾವಾಗ ಬರ್ತಾರಕ್ಕಾ?" ಎಂದು ಕೇಳುತ್ತಿದ್ದೆವು. "ನೋಡ್ಬೇಕು, ರಜ ಸಿಗ್ಬೇಕಲ್ಲ" ಎನ್ನುತ್ತಿದ್ದರು. ಕೇಳಿದ ನಮಗೂ ತೃಪ್ತಿ, ಕೇಳಿಸಿಕೊಂಡ ಅವರಿಗೂ ಬಿಡುಗಡೆ.

ಹೀಗಿರುವಾಗ ಹೊಸ ಪಾಸ್ಟರ್ ಬಂದರು. ಮೂವತ್ತು ದಾಟಿರದ ಹುಡುಗ. ಸೈಕಲ್ಲಿನಲ್ಲಿ ಬರುತ್ತಾರೆ, ಹೆಲ್ಮೆಟ್ಟನ್ನು ಉಪದೇಶಕ್ಕೆ ನಿಲ್ಲುವ ಪ್ರಸಂಗಪೀಠದ ಮೇಲೇ ಇಟ್ಟು ಮರೆಯುತ್ತಾರೆ. ಅದನ್ನು ಹುಡುಕುವುದೂ ಸೆಕ್ರೆಟರಿಯ ಕೆಲಸಕ್ಕೆ ಸೇರಿತು. ಮೊದಲ ಕಮಿಟಿ ಮೀಟಿಂಗಿನಲ್ಲೇ ಅವರು, "ಮನೇಲಿ ಮನಸ್ಸಿನ ಕಾಯಿಲೆ ಇದ್ರೆ, ಅಂಗವಿಕಲರು ಇದ್ರೆ, ಆ ಮನೆಯವರು ನಿಧಾನಕ್ಕೆ ಚರ್ಚಿಗೆ ಬರೋದನ್ನ ಬಿಟ್ಬಿಡ್ತಾರೆ. ಅಂಥವರನ್ನ ನಾವೇ ಕರೀಬೇಕು" ಎಂದರು. ನಾವೆಲ್ಲ ಭಕ್ತಿಯಿಂದ ತಲೆಯಾಡಿಸಿದೆವು. ಸರಿ, ಅಂಥವರು ಯಾರ್ಯಾರು ಎಂಬ ಪ್ರಶ್ನೆ ಬಂತು. ಯಾರೂ ಬಾಯಿ ಬಿಡಲಿಲ್ಲ. "ಒಂದು ಫಾರಂ ಮಾಡೋಣ ಬಿಡಿ" ಎಂದೆ ನಾನು. ಜೆರಾಕ್ಸ್ ಅಂಗಡಿಯವನಿಗೆ ಲೋಕದ ಯಾವ ಕಷ್ಟಕ್ಕೂ ಫಾರಮ್ಮೇ ಪರಿಹಾರ.

ಫಾರಮ್ಮನ್ನು ನಾನೇ ಬರೆದೆ. ರೋಗಿಯ ಹೆಸರು, ವಯಸ್ಸು, ರೋಗದ ಸ್ವರೂಪ, ಎಷ್ಟು ವರ್ಷದಿಂದ, ನಿಮಗೂ ರೋಗಿಗೂ ಇರುವ ಸಂಬಂಧ, ಸಭೆಯಿಂದ ನಿರೀಕ್ಷಿಸುವ ಸಹಾಯ. ಗೆರೆ ಹೊಡೆದು ಚೌಕ ಮಾಡಿ ಇನ್ನೂರು ಪ್ರತಿ ತೆಗೆದೆ. ನನ್ನ ಅಂಗಡಿಯಲ್ಲಿ ಅಣ್ಣ ಇದ್ದಾನೆ, ನನಗಿಂತ ಆರು ವರ್ಷ ದೊಡ್ಡವನು. ಬುದ್ಧಿ ಮಾತ್ರ ಐದಾರು ವರ್ಷದಲ್ಲೇ ನಿಂತಿತು ಎಂದು ಅಮ್ಮ ಹೇಳುತ್ತಿದ್ದರು. ಹಾಳೆಗಳ ಕಟ್ಟನ್ನು ನಿಲ್ಲಿಸಿ, ನಾಲ್ಕೂ ಅಂಚನ್ನು ಮೇಜಿಗೆ ಟಪ್ ಟಪ್ ಎಂದು ಕುಟ್ಟಿ ಒಂದೇ ಸಮ ಮಾಡುವುದು ಅವನ ಕೆಲಸ. ಒಂದು ಹಾಳೆ ಕೂದಲೆಳೆಯಷ್ಟು ಹೊರಗೆ ಬಂದರೂ ಮತ್ತೆ ಮೊದಲಿನಿಂದ ಕುಟ್ಟುತ್ತಾನೆ. ಆ ಇನ್ನೂರು ಫಾರಮ್ಮುಗಳನ್ನೂ ಅವನೇ ಕುಟ್ಟಿ ಕಟ್ಟಿದ್ದು. ಅವನ ಕೈಯಿಂದ ಕಟ್ಟು ತೆಗೆದುಕೊಂಡು ನಾನು ಸೀದಾ ಚರ್ಚಿಗೆ ಹೋದೆ. ದೀಪದ ಬುಡದಲ್ಲೇ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಭಾನುವಾರ ನನ್ನ ಪ್ರಕಟಣೆಯನ್ನು ಪಾಸ್ಟರ್ ಗಟ್ಟಿಯಾಗಿ ಓದಿದರು. "ಮನೆಯಲ್ಲಿ ಮಾನಸಿಕ ಅಸ್ವಸ್ಥರು ಅಥವಾ ಅಂಗವಿಕಲರು ಇರುವ ಕುಟುಂಬದವರು ಆರಾಧನೆಯ ನಂತರ ಬಾಗಿಲ ಬಳಿಯ ಮೇಜಿಗೆ ಬಂದು ಹೆಸರು ನೋಂದಾಯಿಸಬೇಕಾಗಿ ಕೋರಲಾಗಿದೆ." ಮೇಜಿನ ಮೇಲೆ ಹೂವಿನ ಕುಂಡ, ಫಾರಮ್ಮಿನ ಕಟ್ಟು, ದಾರ ಕಟ್ಟಿದ ಪೆನ್ನು. ಕೂರಲು ಕಂಡಕ್ಟರಕ್ಕ. ಜನರನ್ನು ನಿಭಾಯಿಸುವುದಕ್ಕೆ ಆಕೆಗಿಂತ ಬೇರೆ ಯಾರು ಬೇಕು ಎಂದು ಹೆಸರು ಸೂಚಿಸಿದವನೂ ನಾನೇ. ಆಕೆ ಒಂದು ಕ್ಷಣ ನನ್ನನ್ನೇ ನೋಡಿ, "ಆಯ್ತು ಬಿಡಿ" ಎಂದಿದ್ದರು.

ಆರಾಧನೆ ಮುಗಿಯಿತು. ಇನ್ನೂರು ಜನರ ಕಣ್ಣೆದುರಿಗೆ, ದಾರಿಗೆ ಅಡ್ಡವಾಗಿ ಇಟ್ಟ ಮೇಜಿನ ಹತ್ತಿರ ಹೋಗಿ, ನನ್ನ ಮನೆಯಲ್ಲಿ ಒಬ್ಬರಿಗೆ ತಲೆ ಸರಿಯಿಲ್ಲ ಎಂದು ಬರೆದುಕೊಡಲು ಯಾರಿಗೆ ಹುಚ್ಚು? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗುತ್ತದೆಂದು ಜನ ಆ ಮೇಜಿನ ಕಡೆ ಕಣ್ಣನ್ನೂ ಹಾಯಿಸಲಿಲ್ಲ. ಯಾವಾಗಲೂ ಬಾಗಿಲಲ್ಲಿ ಅರ್ಧ ಗಂಟೆ ಹರಟುವವರು ಅವತ್ತು ಮನೆಗೆ ಬೆಂಕಿ ಬಿದ್ದವರ ಹಾಗೆ ಓಡಿದರು. ಎರಡನೆಯ ವಾರ ಜನ ಪಕ್ಕದ ಬಾಗಿಲು ಹುಡುಕಿಕೊಂಡರು. ಮೂರನೆಯ ವಾರವೂ ಕಟ್ಟಿನಲ್ಲಿ ಇನ್ನೂರಕ್ಕೆ ಇನ್ನೂರು ಫಾರಮ್ಮು.

ಕಮಿಟಿಯ ಹಿರಿಯರೊಬ್ಬರಿದ್ದಾರೆ, ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದವರು. ಅವರು ಮೇಜಿನ ಹತ್ತಿರ ಬಂದು ಕಟ್ಟನ್ನು ತಟ್ಟಿ, "ದೇವರ ದಯೆ. ನಮ್ಮ ಸಭೇಲಿ ಅಂಥವರು ಯಾರೂ ಇಲ್ಲ ಅಂತ ಆಯ್ತು. ಮೇಜು ತೆಗೆಸ್ಬಿಡಿ ಸೆಕ್ರೆಟ್ರಿ, ಓಡಾಡೋಕೆ ತೊಂದ್ರೆ" ಎಂದರು. ನಾನು ಮೇಜಿನ ಒಂದು ತುದಿ ಹಿಡಿದೆ. ಆಚೆ ತುದಿಗೆ ಪಾಸ್ಟರ್ ಕೈ ಹಾಕಿದರು. ಪಾಪ, ಅವರ ಮುಖ ಬಾಡಿಹೋಗಿತ್ತು.

"ಇರಿ" ಎಂದರು ಕಂಡಕ್ಟರಕ್ಕ.

ಒಂದು ಫಾರಂ ಎಳೆದುಕೊಂಡರು. ನಿಧಾನವಾಗಿ ಬರೆಯತೊಡಗಿದರು. ಮೇಜಿನ ತುದಿ ಹಿಡಿದೇ ನಿಂತಿದ್ದ ನನಗೆ ಅಕ್ಷರಗಳು ತಲೆಕೆಳಗಾಗಿ ಕಾಣುತ್ತಿದ್ದವು. ರೋಗಿಯ ಹೆಸರು ಎಂಬಲ್ಲಿ ಡ್ರೈವರಣ್ಣನ ಹೆಸರು. ಎಷ್ಟು ವರ್ಷದಿಂದ, ನಾಲ್ಕು. ಸಂಬಂಧ, ಗಂಡ. ರೋಗದ ಸ್ವರೂಪ ಎಂಬ ನನ್ನ ಆ ಘನಂದಾರಿ ಚೌಕದಲ್ಲಿ ಆಕೆ ಬರೆದದ್ದು: "ಇಲ್ಲದವರ ಮಾತು ಕೇಳಿಸುತ್ತದೆ. ಹೆದರುತ್ತಾರೆ."

ಮೇಜಿನ ಸುತ್ತ ಹತ್ತು ಹನ್ನೆರಡು ಜನ ಇದ್ದರೇನೋ. ಮ್ಯಾನೇಜರು ಮೊದಲು ಬಾಯಿ ತೆರೆದರು. "ಅಲ್ಲಮ್ಮ, ದೂರದ ಡಿಪೋ ಅಂದ್ರಲ್ಲ? ನಾಲ್ಕು ವರ್ಷದಿಂದ ಅದನ್ನೇ ಹೇಳ್ತಿದ್ರಲ್ಲ? ನಾವೇನು ಹೊರಗಿನವರಾ?"

"ಸುಳ್ಳು ಹೇಳ್ದೆ ಸಾರ್" ಎಂದರು ಅಕ್ಕ. "ನೀವೆಲ್ಲ 'ಯಾವಾಗ ಬರ್ತಾರೆ' ಅಂತ ಕೇಳಿದ್ರಿ. 'ಹೇಗಿದಾರೆ' ಅಂತ ಒಬ್ರೂ ಕೇಳ್ಲಿಲ್ಲ."

ನನಗೆ ಕಪಾಳಕ್ಕೆ ಬಿಟ್ಟ ಹಾಗಾಯಿತು. ಆದರೆ ನಿಜವಾದ ಏಟು ಇನ್ನೂ ಬಾಕಿ ಇತ್ತು. ಅಕ್ಕ ಇನ್ನೊಂದು ಫಾರಂ ತೆಗೆದು ನನ್ನ ಕಡೆ ತಳ್ಳಿದರು. ದಾರ ಸಾಲದೆ ಹೋದಾಗ ದಾರವನ್ನೇ ಕಿತ್ತು ಪೆನ್ನು ಕೊಟ್ಟರು.

"ಎರಡನೇದು ನಿಮ್ದು ಜೆರಾಕ್ಸಣ್ಣ."

"ನಂದಾ? ನಮ್ಮನೇಲಿ ಯಾರಿದಾರಕ್ಕಾ?"

"ಇಪ್ಪತ್ತೆಂಟು ವರ್ಷ ಬಸ್ಸಲ್ಲಿ ನಿಂತೋಳು ನಾನು. ಯಾವ ಟ್ರಿಪ್ಪಿಗೆ ಯಾರು ಹತ್ತುತಾರೆ ಅಂತ ಗೊತ್ತಾಗಲ್ವಾ? ಬೆಳಿಗ್ಗೆ ಆರಾಧನೆಗೆ ನೀವು ಬರ್ತೀರಿ, ಸಂಜೆ ಆರಾಧನೆಗೆ ನಿಮ್ಮ ಹೆಂಡ್ತಿ. ಇಬ್ರೂ ಜೊತೇಲಿ ಬಂದಿದ್ದನ್ನ ನಾನು ಒಂದಿನ ನೋಡಿಲ್ಲ. ಆ ಹೊತ್ತಲ್ಲಿ ಮನೇಲಿ ಯಾರ ಹತ್ರ ಕೂತಿರ್ತೀರಿ?"

ಅಣ್ಣ ಇದ್ದಾನೆ ಎನ್ನುವುದು ಮರೆತಿರಲಿಲ್ಲ. ಆದರೆ ಅವನು ರೋಗಿಯಲ್ಲ, ಅಂಗವಿಕಲನೂ ಅಲ್ಲ, ಅವನು ನಮ್ಮಣ್ಣ. ಚಿಕ್ಕವನಿದ್ದಾಗ ಒಂದು ಸಲ ಪ್ರಸಂಗದ ಮಧ್ಯೆ ಗಟ್ಟಿಯಾಗಿ ನಕ್ಕ. ಜನ ತಿರುಗಿ ನೋಡಿದರು. ಅಂದಿನಿಂದ ಅಮ್ಮ ಅವನನ್ನು ಕರೆತರಲಿಲ್ಲ. ಅಮ್ಮ ಹೋದ ಮೇಲೆ ನಾವೂ ತರಲಿಲ್ಲ. ಅದು ಮನೆಯ ರೂಢಿಯಾಗಿ, ರೂಢಿ ಎನ್ನುವುದೂ ಮರೆತುಹೋಗಿತ್ತು. ನಾನು ಆ ಫಾರಂ ತುಂಬಿದೆ. ನಾನೇ ಮಾಡಿದ ಚೌಕಗಳು ಎಷ್ಟು ದರಿದ್ರವಾಗಿವೆ ಎಂದು ಅವತ್ತು ಗೊತ್ತಾಯಿತು.

ಆಮೇಲೆ ಅಕ್ಕನ ಫಾರಂ ತೆಗೆದು ನೋಡಿದೆ. ಸಭೆಯಿಂದ ನಿರೀಕ್ಷಿಸುವ ಸಹಾಯ ಎಂಬಲ್ಲಿ ಒಂದೇ ಸಾಲು. "ಪ್ರಭು ಭೋಜನಕ್ಕೆ ನಾನು ಅವರ ಪಕ್ಕದಲ್ಲಿ ನಿಲ್ಲಬೇಕು."

ನಮ್ಮಲ್ಲಿ ತಿಂಗಳ ಮೊದಲ ಭಾನುವಾರ, ಯೇಸುವಿನ ಕೊನೆಯ ಊಟದ ನೆನಪಿಗೆ, ಪ್ರಭು ಭೋಜನ. ಜನ ಮುಂದೆ ಹೋಗಿ ಅರ್ಧಚಂದ್ರಾಕಾರವಾಗಿ ನಿಲ್ಲುತ್ತಾರೆ. ಪಾಸ್ಟರ್ ಒಬ್ಬೊಬ್ಬರ ಅಂಗೈಯಲ್ಲಿ ಒಂದು ಚೂರು ರೊಟ್ಟಿ ಇಡುತ್ತಾರೆ. ಆ ಹೊತ್ತಿಗೆ ಅಕ್ಕ ಬಾಗಿಲಲ್ಲಿ ನಿಂತು ಸಾಲು ಬಿಡುತ್ತಿದ್ದರು, "ಈಗ ನೀವು, ಈಗ ಆ ಬೆಂಚು" ಎಂದು. ಎಲ್ಲರನ್ನೂ ಕಳಿಸಿ ತಾವು ಮಾತ್ರ ಹೋಗುತ್ತಿರಲಿಲ್ಲವಂತೆ. ನಾಲ್ಕು ವರ್ಷ! ನಾವು ಯಾರೂ ಗಮನಿಸಿರಲಿಲ್ಲ. "ಬಾಯಿ ತುಂಬ ಸುಳ್ಳು ಇಟ್ಕೊಂಡು ಅದೇ ಬಾಯಿಗೆ ಹೇಗೆ ತಗೊಳ್ಳೋದು?" ಎಂದು ಆಕೆ ಪಾಸ್ಟರಿಗೆ ಹೇಳಿದರು. ಡ್ರೈವರಣ್ಣನ ಕಷ್ಟ ಬೇರೆ. ಯಾರೋ ಊಟದಲ್ಲಿ ಏನೋ ಬೆರೆಸುತ್ತಾರೆ ಎಂಬ ಹೆದರಿಕೆ. ಮನೆಯಲ್ಲಿ ಅಕ್ಕ ಅದೇ ತಟ್ಟೆಯಿಂದ ಮೊದಲು ಒಂದು ತುತ್ತು ತಿಂದು ತೋರಿಸಬೇಕು. ಆಮೇಲೇ ಅವರು ಬಾಯಿಗಿಡುವುದು. ಡಾಕ್ಟರು, ಮಾತ್ರೆ ಎಲ್ಲ ನಡೆಯುತ್ತಿತ್ತು. ಮಾತ್ರೆಯಿಂದ ಆ ಮಾತುಗಳ ಸದ್ದು ತಗ್ಗಿತ್ತು. ಹೆದರಿಕೆ ಅಷ್ಟಾಗಿ ತಗ್ಗಿರಲಿಲ್ಲ. ಮನೆಯ ಹೊಸಿಲು ದಾಟಿ ನಾಲ್ಕು ವರ್ಷದಲ್ಲಿ ಆಸ್ಪತ್ರೆ ಬಿಟ್ಟರೆ ಎಲ್ಲಿಗೂ ಹೋಗಿರಲಿಲ್ಲ.

ಪಾಸ್ಟರಿಗೆ ಉತ್ಸಾಹ ಉಕ್ಕಿತು. ಗಾಯನ ಮಂಡಳಿಯನ್ನೇ ಕಟ್ಟಿಕೊಂಡು ಅವತ್ತೇ ಸಂಜೆ ಮನೆಗೆ ಹೋಗೋಣ ಎಂದರು. "ಹದಿನೈದು ಜನ ಒಟ್ಟಿಗೆ ನುಗ್ಗಿದ್ರೆ ಅವರು ಬಚ್ಚಲಿಗೆ ಹೋಗಿ ಚಿಲಕ ಹಾಕ್ಕೋತಾರೆ, ಅಷ್ಟೇ" ಎಂದರು ಅಕ್ಕ. ಪ್ರಾರ್ಥನಾ ಕೂಟದ ಹಿರಿಯಮ್ಮನೊಬ್ಬರು ತಲೆಯ ಮೇಲೆ ಕೈಯಿಟ್ಟು ಗಟ್ಟಿಯಾಗಿ ಪ್ರಾರ್ಥಿಸಬೇಕೆಂದರು. ಅಕ್ಕ ಅವರ ಕೈ ಹಿಡಿದು, "ಪ್ರಾರ್ಥನೆ ಮಾಡಿ ಅಮ್ಮ, ಆದ್ರೆ ಕೂಗ್ಬೇಡಿ. ಅವರ ತಲೇಲಿ ಆಗ್ಲೇ ಬೇಕಾದಷ್ಟು ಜನ ಕೂಗ್ತಿದಾರೆ" ಎಂದರು. ಹಿರಿಯಮ್ಮ ಮುನಿಸಿಕೊಳ್ಳಲಿಲ್ಲ. ಕಣ್ಣೊರೆಸಿಕೊಂಡು, ತನ್ನ ತಂಗಿಗೂ ಒಂದು ಫಾರಂ ಬೇಕು ಎಂದರು.

ಹಾಗೆ ಒಂದು ಮನೆ ಎರಡಾಯಿತು, ಎರಡು ಹದಿನಾಲ್ಕಾಯಿತು. ಮೇಜಿನ ಮೇಲಲ್ಲ. ಅಕ್ಕ ಮೇಜನ್ನು ಸ್ಟೋರಿಗೆ ಹಾಕಿಸಿದರು. ನನ್ನ ಫಾರಮ್ಮುಗಳ ಹಿಂಬದಿ ನನ್ನ ಅಂಗಡಿಯಲ್ಲಿ ಲೆಕ್ಕದ ಚೀಟಿಯಾಯಿತು. ಬದಲಿಗೆ ಆಕೆ ಬಾಗಿಲಲ್ಲಿ ಒಬ್ಬೊಬ್ಬರನ್ನೂ ನಿಲ್ಲಿಸಿ ಮೆಲ್ಲಗೆ ಕೇಳತೊಡಗಿದರು, "ಮನೇಲಿ ಯಾರು ಉಳ್ಕೊಂಡಿದಾರೆ?" ಅಷ್ಟೇ. ಉತ್ತರ ಬರಲು ಕೆಲವರಿಗೆ ಎರಡು ವಾರ ಬೇಕಾಯಿತು. ಮ್ಯಾನೇಜರಿಗೆ ಐದು ವಾರ. ಅವರ ಮಗಳು ಮೂರು ವರ್ಷದಿಂದ ಕೋಣೆ ಬಿಟ್ಟು ಹೊರಗೆ ಬಂದಿರಲಿಲ್ಲ. ಅದನ್ನು ಹೇಳುವಾಗ ಆ ಮನುಷ್ಯ ಕೊಡೆಯನ್ನು ಬಿಚ್ಚಿ, ಮಡಚಿ, ಮತ್ತೆ ಬಿಚ್ಚಿದರು. ಅವರ ಮೇಲಿದ್ದ ನನ್ನ ಸಿಟ್ಟೆಲ್ಲ ಅಲ್ಲಿಗೇ ಇಳಿಯಿತು.

ಡ್ರೈವರಣ್ಣನ ಮನೆಗೆ ಯಾರು ಹೋಗಬೇಕು ಎಂಬುದನ್ನೂ ಅಕ್ಕನೇ ತೀರ್ಮಾನಿಸಿದರು. "ನಿಮ್ಮಣ್ಣನ್ನ ಕಳ್ಸಿ. ಅವರಿಗೆ ಮುಖ ನೋಡೋರನ್ನ ಕಂಡ್ರೆ ಆಗಲ್ಲ. ನಿಮ್ಮಣ್ಣ ಯಾರ ಮುಖಾನೂ ನೋಡಲ್ವಲ್ಲ." ನಿಜವೇ, ಅಣ್ಣ ನೋಡುವುದು ಹಾಳೆಯ ಅಂಚನ್ನು ಮಾತ್ರ. ಅಕ್ಕನಿಗೆ ಬೆಳಗಿನ ಪಾಳಿಯಿದ್ದ ಒಂದು ಮಂಗಳವಾರ ಮಧ್ಯಾಹ್ನ ಒಂದು ಚೀಲ ರದ್ದಿ ಹಾಳೆಯ ಸಮೇತ ಅವನನ್ನು ಅಲ್ಲಿ ಬಿಟ್ಟೆ. ಎರಡು ಗಂಟೆ ಬಿಟ್ಟು ಕರೆತರಲು ಹೋದರೆ, ಅಡುಗೆಮನೆಯ ಮೇಜಿನ ಈ ತುದಿಯಲ್ಲಿ ಅಣ್ಣ, ಆ ತುದಿಯಲ್ಲಿ ಡ್ರೈವರಣ್ಣ, ಇಬ್ಬರೂ ಟಪ್ ಟಪ್ ಎಂದು ಹಾಳೆ ಕುಟ್ಟುತ್ತಿದ್ದಾರೆ. ಮಾತಿಲ್ಲ ಕಥೆಯಿಲ್ಲ. ಡ್ರೈವರಣ್ಣನ ಕಟ್ಟು ಸ್ವಲ್ಪ ಸೊಟ್ಟಗಿತ್ತು. ಅಣ್ಣ ಅದನ್ನು ಕಿತ್ತುಕೊಂಡು ಸರಿಮಾಡಿ ವಾಪಸು ಕೊಟ್ಟ. "ನಿಮ್ಮಣ್ಣ ಬಹಳ ಸ್ಟ್ರಿಕ್ಟು" ಎಂದರು ಡ್ರೈವರಣ್ಣ, ಕಿಟಕಿಯ ಕಡೆ ನೋಡುತ್ತಾ. ನಾಲ್ಕು ವರ್ಷದ ಮೇಲೆ ನಾನು ಅವರ ದನಿ ಕೇಳಿದ್ದು ಅದೇ ಮೊದಲು.

ಆಮೇಲೆ ಎಲ್ಲವೂ ಆಮೆ ನಡಿಗೆ. ಹೊಸ ದಾರಿಯಲ್ಲಿ ಮೊದಲು ಖಾಲಿ ಬಸ್ಸು ಓಡಿಸಿ ನೋಡುತ್ತಾರಂತೆ, ಅಕ್ಕನ ಲೆಕ್ಕವೂ ಹಾಗೇ. ಯಾರೂ ಇಲ್ಲದ ಬುಧವಾರ ಡ್ರೈವರಣ್ಣ ಚರ್ಚಿನ ಕಾಂಪೌಂಡಿನವರೆಗೆ ಬಂದು ವಾಪಸು. ಮುಂದಿನ ಬುಧವಾರ ಒಳಗೆ ಹತ್ತು ನಿಮಿಷ. ಪಕ್ಕದ ಬಾಗಿಲ ಹತ್ತಿರದ ಬೆಂಚು ಅವರಿಗೆ ಒಪ್ಪಿತು, ಬಾಗಿಲು ತೆರೆದೇ ಇರಬೇಕು ಎಂಬ ಷರತ್ತಿನ ಮೇಲೆ. ಆ ಬಾಗಿಲು ಕಿರುಗುಟ್ಟುತ್ತದೆಂದು ಪಾಸ್ಟರೇ ಕೂತು ಎಣ್ಣೆ ಹಾಕಿದರು. ಹೊರಗಿನಿಂದ ಗಾಳಿ ಬರುತ್ತದೆ ಎಂದು ಗಾಯನ ಮಂಡಳಿಯವರು ಗೊಣಗಿದಾಗ ಮ್ಯಾನೇಜರು, "ಸ್ವೆಟರ್ ಹಾಕ್ಕೊಂಡು ಬನ್ನಿ" ಎಂದು ಅವರ ಬಾಯಿ ಮುಚ್ಚಿಸಿದರು. ಭಾನುವಾರ ಬಂದರೆ ಯಾರೂ ಕೈಕುಲುಕಬಾರದು, ಬೆನ್ನು ತಟ್ಟಬಾರದು, ಎಷ್ಟು ದಿನ ಆಯ್ತಲ್ಲ ಎಂದು ಉದ್ಗಾರ ತೆಗೆಯಬಾರದು ಎಂದು ಅಕ್ಕ ಎಲ್ಲರಿಗೂ ತಾಕೀತು ಮಾಡಿದ್ದರು. ನಮ್ಮ ಜನಕ್ಕೆ ಅದೇ ಬಹಳ ಕಷ್ಟವಾದದ್ದು.

ಡ್ರೈವರಣ್ಣ ಬಂದ ಮೊದಲ ಭಾನುವಾರ ಪ್ರಸಂಗದ ನಡುವೆ ಎದ್ದು ಹೊರಗೆ ಹೋಗಿಬಿಟ್ಟರು. ಎರಡನೆಯ ಭಾನುವಾರವೂ ಹೋದರು, ಆದರೆ ಕಾಂಪೌಂಡಿಗೆ ಎರಡು ಸುತ್ತು ಹಾಕಿ ವಾಪಸು ಬಂದರು. ಹಿಂದೆಯೇ ನಮ್ಮಣ್ಣನೂ ಎರಡು ಸುತ್ತು ಹಾಕಿ ಬಂದ. ಅಣ್ಣ ಈಗ ನಮ್ಮ ಜೊತೆಗೇ ಬರುತ್ತಾನೆ. ನಾನು ಮತ್ತು ನನ್ನ ಹೆಂಡತಿ ಒಂದೇ ಬೆಂಚಿನಲ್ಲಿ ಕೂತು ಒಂದೇ ಗೀತೆ ಹಾಡಿ ಎಷ್ಟು ವರ್ಷವಾಗಿತ್ತೋ! ಆಕೆ ನನಗಿಂತ ಚೆನ್ನಾಗಿ ಹಾಡುತ್ತಾಳೆ ಎನ್ನುವುದೇ ನನಗೆ ಮರೆತುಹೋಗಿತ್ತು. ಅಣ್ಣ ಈಗಲೂ ಪ್ರಸಂಗದ ಮಧ್ಯೆ ಒಮ್ಮೊಮ್ಮೆ ನಗುತ್ತಾನೆ. ಪಾಸ್ಟರ್ ಹೇಳುವ ಜೋಕಿಗೆ ನಗುವವನು ಅವನೊಬ್ಬನೇ ಆದ್ದರಿಂದ ಅವರಿಗೂ ಅನುಕೂಲ.

ತಿಂಗಳ ಮೊದಲ ಭಾನುವಾರ ಬಂತು. ಬಾಗಿಲಲ್ಲಿ ನಿಂತು ಸಾಲು ಬಿಡಲು ನನ್ನ ಹೆಂಡತಿ ಹೋದಳು. ಕಂಡಕ್ಟರಕ್ಕ ಗಂಡನ ಪಕ್ಕ ಕೂತಿದ್ದರು, ಮುಳ್ಳಿನ ಮೇಲೆ ಕೂತ ಹಾಗೆ. ನಮ್ಮ ಬೆಂಚಿನ ಸರದಿ ಬಂದಾಗ ಡ್ರೈವರಣ್ಣ ಎದ್ದರು. ಅಕ್ಕ ಎದ್ದರು. ಅಣ್ಣನ ಕೈ ಹಿಡಿದು ನಾನೂ ಎದ್ದೆ. ಮುಂದೆ ಹೋಗಿ ಅರ್ಧಚಂದ್ರದಲ್ಲಿ ನಿಂತೆವು. ಮೊದಲು ಅಕ್ಕ, ಪಕ್ಕದಲ್ಲಿ ಡ್ರೈವರಣ್ಣ, ಆಮೇಲೆ ಅಣ್ಣ, ಕೊನೆಗೆ ನಾನು.

ಪಾಸ್ಟರ್ ಅಕ್ಕನ ಅಂಗೈಯಲ್ಲಿ ರೊಟ್ಟಿಯ ಚೂರು ಇಟ್ಟರು. ಡ್ರೈವರಣ್ಣನ ಮುಂದೆ ಬಂದರು. ಡ್ರೈವರಣ್ಣನ ಎರಡೂ ಕೈ ಮುಷ್ಟಿ. ಬಿಚ್ಚಲಿಲ್ಲ. ಅವರ ಕಣ್ಣು ಪಾಸ್ಟರನ್ನಲ್ಲ, ಹೆಂಡತಿಯ ಅಂಗೈಯನ್ನು ನೋಡುತ್ತಿತ್ತು. ಪಾಸ್ಟರ್ ತಟ್ಟೆ ಹಿಡಿದು ಕಾದರು. ಅಕ್ಕ ರೊಟ್ಟಿಯನ್ನು ಬಾಯಿಗೆ ಇಟ್ಟುಕೊಳ್ಳಲಿಲ್ಲ. ಓಡುವ ಬಸ್ಸಿನಲ್ಲಿ ಕಂಬಿ ಹಿಡಿಯದೆ ನಿಲ್ಲುವ ಹೆಂಗಸು ಅಲ್ಲಿ ಇನ್ನೊಂದು ಕೈಯಲ್ಲಿ ಗಂಡನ ತೋಳು ಹಿಡಿದುಕೊಂಡರು.

"ತಿನ್ನು" ಎಂದರು ಡ್ರೈವರಣ್ಣ, ಮೆಲ್ಲಗೆ.

"ಆಗಲ್ಲ ರೀ" ಎಂದರು ಅಕ್ಕ. "ಎಲ್ರಿಗೂ ಸುಳ್ಳು ಹೇಳಿದೀನಿ. ನಾಲ್ಕು ವರ್ಷ."

"ನನಗೋಸ್ಕರ ತಾನೇ ಹೇಳಿದ್ದು? ನೀನು ತಿನ್ನದೆ ನಾನು ಹೇಗೆ ತಿನ್ಲಿ?"

ಅಕ್ಕ ಗಂಡನ ಮುಖ ನೋಡಿದರು. ರೊಟ್ಟಿಯನ್ನು ಬಾಯಿಗಿಟ್ಟುಕೊಂಡರು. ಅಗಿಯುತ್ತಾ ಅಗಿಯುತ್ತಾ ಕಣ್ಣೀರು ಗಲ್ಲಕ್ಕೆ ಇಳಿಯಿತು. ಒರೆಸಿಕೊಳ್ಳಲೂ ಇಲ್ಲ. ಆಕೆ ನುಂಗುವವರೆಗೂ ಡ್ರೈವರಣ್ಣ ಬಿಡದೆ ನೋಡಿದರು. ನುಂಗಿದ ಮೇಲೆ ಪಾಸ್ಟರ್ ಕಡೆ ತಿರುಗಿ ಮುಷ್ಟಿ ಬಿಚ್ಚಿದರು. ಪಾಸ್ಟರ್ ಇಟ್ಟ ಚೂರನ್ನು ತಿಂದರು.

ನಮ್ಮ ಪಾಸ್ಟರಿಗೆ ಮುಂದಿನವರ ಕಡೆ ಸರಿಯಬೇಕೆಂಬುದೇ ಮರೆತುಹೋಗಿತ್ತು. ಅಣ್ಣ ಅವರ ತೋಳು ಹಿಡಿದು ಜಗ್ಗಿ, ತನ್ನ ಕೈ ಚಾಚಿದ.